ಕೆಂಪು ಬಳೆ ಇಲ್ಲದ ಬ್ಲಾಕು

ಜೂನ್ 4, ಭಾನುವಾರ

ಓಪಲಕ್ಕಾ, ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಹರ್ಷೆಲ್ ಭಾವನಿಗೆ ಉಸಿರು ಕಟ್ಟುವುದು ಕಡಿಮೆಯಾಯಿತೇ, ಇಲ್ಲ ಕಲ್ಲಿದ್ದಲ ಮಸಿ ಇನ್ನೂ ಎದೆಯಲ್ಲೇ ಕೂತಿದೆಯೇ? ರೆಟಾಳ ಹಲ್ಲುನೋವು ವಾಸಿಯೇ? ನಿನ್ನ ಆ ಕುರುಡು ನಾಯಿ ಜಿಂಜರ್ ಇನ್ನೂ ಮೇಜಿನ ಕಾಲಿಗೇ ಡಿಕ್ಕಿ ಹೊಡೆಯುತ್ತಿದೆಯೇ? ಎಲ್ಲರೂ ಕ್ಷೇಮವೆಂದು ನಂಬುತ್ತೇನೆ. ನಾನು ಕ್ಷೇಮವಾಗಿಲ್ಲ. ಮೈ ನೆಟ್ಟಗಿದೆ, ತಲೆ ಕುದಿಯುತ್ತಿದೆ.

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ನಲವತ್ತಾರು ವರ್ಷದಿಂದ ಭಾನುವಾರ ಬಂತೆಂದರೆ ನಿನಗೆ ಬರೆಯುವ ಕೈ, ಅದಕ್ಕೆ ಇವತ್ತೂ ಪೆನ್ನು ಹಿಡಿಯದೆ ಇರಲಾಗಲಿಲ್ಲ. ಆದರೆ ಇದು ಕೆಂಟಕಿ ಮುಟ್ಟಿದರೆ ನೀನು ಭಾವನಿಗೆ ಓದಿ ಹೇಳುತ್ತೀ, ಭಾವ ಕೆಮ್ಮು ನಿಲ್ಲುವ ಮೊದಲೇ ತಮ್ಮ ಡೆಂಜಿಲನಿಗೆ ಫೋನು ಮಾಡುತ್ತಾರೆ. ಅಲ್ಲದೆ ಅವನು ಹುಟ್ಟಿದಾರಭ್ಯ ನೀನು ಅವನ ಪಕ್ಷ. ಅಮ್ಮನ ಲಾಂದ್ರದ ಗಾಜು ಒಡೆದವನು ಅವನು, ಏಟು ತಿಂದವನು ನಾನು. ಅದಕ್ಕೇ ಅಂಗಡಿಯ ಒಂದು ಹಳೇ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಬರೆಯುವವನೂ ನಾನೇ, ಓದುವವನೂ ನಾನೇ.

ನಿನ್ನ ಮುದ್ದಿನ ತಮ್ಮ ಗುರುವಾರ ಮಾಡಿದ, ನಿನ್ನೆ ಸಂಜೆ ನನ್ನ ಕಣ್ಣಿಗೆ ಬಿದ್ದ ಘನಕಾರ್ಯ ಕೇಳು. ಲೂಸಿಲ್ ಬೀಲಾಕ್ ಎಂಬ ಹೆಂಗಸಿನ ಇಂಜಿನ್ನನ್ನು ಹಾಳುಮಾಡಿದ್ದಾನೆ. 1970ರ ಷೆವೆಲ್ ಕಾರು. ಅದರ ಹೊಟ್ಟೆಯಲ್ಲಿ ನಾಲ್ಕುನೂರ ಐವತ್ತು ಕುದುರೆಗಳ ಇಂಜಿನ್ನು. ಅಂಥದ್ದನ್ನು ಆಮೇಲೆ ಈ ದೇಶದಲ್ಲಿ ಯಾರೂ ಅಷ್ಟು ಧೈರ್ಯವಾಗಿ ಮಾಡಲಿಲ್ಲ. ಮೂವತ್ತಾರು ವರ್ಷ ಆಕೆ ಒಬ್ಬಳೇ ಓಡಿಸಿದ್ದಾಳೆ. ಈ ವರ್ಷ ಹೊಗೆ ಕಾರತೊಡಗಿತೆಂದು ನಮ್ಮ ಕಾರ್ನೆಟ್ ಬ್ರದರ್ಸ್‌ಗೆ ತಂದಳು. ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಕಾರುಗಳ ಮೆರವಣಿಗೆಗೆ ಸಿದ್ಧವಾಗಿರಬೇಕು ಅಂದಳು.

ನಿನಗೆ ಈ ಕಸುಬು ತಿಳಿಯದು, ಬಿಡಿಸಿ ಬರೆಯುತ್ತೇನೆ. ಇಂಜಿನ್ನಿನ ಮೈ ಅಂದರೆ ಬ್ಲಾಕು, ಎರಕದ ಕಬ್ಬಿಣ. ಅದರ ಮುಂದಿನ ಮೂಲೆಯಲ್ಲಿ ಎರಡು ಹೆಬ್ಬೆರಳಿನಷ್ಟು ನುಣುಪು ಜಾಗ. ಕಾರ್ಖಾನೆಯಲ್ಲಿ ಕಾರಿನ ಸಂಖ್ಯೆಯನ್ನು ಅಲ್ಲಿ ಅಂಕಿಯಚ್ಚಿನ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದಿರುತ್ತಾರೆ. ಕಾರಿನ ಸಂಖ್ಯೆಯೂ ಇಂಜಿನ್ನಿನ ಸಂಖ್ಯೆಯೂ ತಾಳೆಯಾದರೆ ಅದು ಹುಟ್ಟಿದ ಹಾಗೇ ಇರುವ ಕಾರು. ಆ ಸಂಖ್ಯೆ ಹೋಯಿತೋ, ಜಾತಕ ಕಳಕೊಂಡ ಹಾಗೆ. ಬ್ಲಾಕಿನ ತಲೆ ಸೊಟ್ಟಗಾಗಿದ್ದರೆ ಮಿಲ್ಲಿಂಗ್ ಯಂತ್ರಕ್ಕೆ ಏರಿಸಿ ನಾಲ್ಕು ಕೂದಲಿನಷ್ಟು ಹೆರೆದು ಸಮ ಮಾಡಬೇಕು. ಹೆರೆಯುವ ಚಕ್ರ ಆ ಮೂಲೆಗೆ ಹೋದರೆ ಸಂಖ್ಯೆಯೂ ಹೆರೆದುಹೋಗುತ್ತದೆ.

ಅದಕ್ಕೇ ನಮ್ಮಲ್ಲೊಂದು ಕಟ್ಟಳೆ. ಸಂಖ್ಯೆ ಉಳಿಸಬೇಕಾದ ಬ್ಲಾಕು ತೊಳೆದು ಬಂದ ಕೂಡಲೇ ಆ ಜಾಗದ ಸುತ್ತ ಉಗುರುಬಣ್ಣದಲ್ಲಿ ಒಂದು ಕೆಂಪು ಬಳೆ ಬರೆಯಬೇಕು. ಬಳೆ ಕಂಡರೆ ಚಕ್ರ ನಿಲ್ಲಬೇಕು. ಬಳೆ ಇಲ್ಲದಿದ್ದರೆ ಉದ್ದಕ್ಕೂ ಹೋಗಬಹುದು, ಯಾರನ್ನೂ ಕೇಳುವ ಹಾಗಿಲ್ಲ. ನಲವತ್ತು ವರ್ಷದಲ್ಲಿ ಒಂದು ಸಲವೂ ಇದು ತಪ್ಪಿಲ್ಲ. ಲೂಸಿಲಳ ಬ್ಲಾಕಿಗೆ ನಾನೇ ಬಳೆ ಹಾಕಿದ್ದೆ. ಆ ಬಣ್ಣದ ಘಾಟು ಇನ್ನೂ ಮೂಗಿನಲ್ಲಿದೆ. ಅವನು ಬಳೆಯ ಮೇಲೇ ಚಕ್ರ ಓಡಿಸಿದ್ದಾನೆ.

ಇನ್ನು ಮೇಲೆ ನೀನು ಬರೆಯುವ ಲಕೋಟೆಯ ಮೇಲೆ ನನ್ನ ಹೆಸರೊಂದೇ ಇರಲಿ. ಅವನ ಹೆಸರು ಹಾಕಬೇಡ.

ಜೂನ್ 5, ಸೋಮವಾರ

ಬೆಳಿಗ್ಗೆ ಅವನು ಒಳಗೆ ಕಾಲಿಡುತ್ತಲೇ ಹಿಡಿದೆ.

"ಡೆಂಜಿಲ್, ಬಾ ಇಲ್ಲಿ. ಏನಿದು?"

"ಬ್ಲಾಕು."

"ಬ್ಲಾಕು ಅಂತ ನಂಗೂ ಗೊತ್ತು ಕಣೋ. ಈ ಮೂಲೇಲಿ ಏನಿತ್ತು?"

"ಸಂಖ್ಯೆ ಇತ್ತು."

"ಇತ್ತು! ನೋಡಿದ್ಯಲ್ಲ, ಮತ್ತೆ?"

"ಬಳೆ ಇರ್ಲಿಲ್ಲ, ಅಣ್ಣ."

"ಸುಳ್ಳು ಬೊಗಳಬೇಡ."

"ಒರೆಸಿ ಒರೆಸಿ ನೋಡ್ದೆ. ಯಾರ ಬ್ಲಾಕು ಅಂತ್ಲೂ ಗೊತ್ತಿರ್ಲಿಲ್ಲ, ಚೀಟಿ ನಿನ್ ಮೇಜಿನ ಮೇಲೇ ಇತ್ತು. ಬಳೆ ಇಲ್ಲ ಅಂದ್ರೆ ಕೇಳೋ ಹಾಗಿಲ್ಲ, ಹೋಗ್ತಾ ಇರು ಅಂತ ಹೇಳಿದೋನು ನೀನೇ."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ?"

ಅವನು ಬಾಯಿ ತೆರೆದ. ಮುಂದಿನ ಕೌಂಟರ್ ಕಡೆ ಒಂದು ಸಲ ನೋಡಿದ, ನನ್ನವಳು ಮ್ಯಾಕ್ಸೀನ್ ಕೂರುತ್ತಿದ್ದ ಎತ್ತರದ ಸ್ಟೂಲಿನ ಕಡೆ. ಬಾಯಿ ಮುಚ್ಚಿದ. "ಆಯ್ತು. ನಂದೇ ತಪ್ಪು ಅಂತ್ಲೇ ಇಟ್ಕೋ" ಅಂದವನೇ ಹೋಗಿ ಲೇತು ಚಾಲೂ ಮಾಡಿದ, ನಾನು ಬಯ್ಯುವುದು ಕೇಳಿಸದಿರಲಿ ಎಂದು.

ಇಟ್ಕೋ ಅಂತೆ! ತಪ್ಪನ್ನೂ ನೆಟ್ಟಗೆ ಒಪ್ಪಿಕೊಳ್ಳಲು ಬಾರದ ಜನ್ಮ. ಕಳ್ಳ ಬಾಗಿಲು ನೋಡುವ ಹಾಗೆ ಕೌಂಟರ್ ನೋಡುತ್ತಾನೆ.

ಜೂನ್ 9

ಮಾತಿಲ್ಲ. ಕೆಲಸದ ಚೀಟಿಗಳ ಹಿಂದೆ ಬರೆದು ತಳ್ಳುತ್ತೇವೆ. ಅವನು: "ಪಿಸ್ಟನ್ ಬಂದಿವೆ." ನಾನು: "ಕಣ್ಣಿದೆ ನನಗೆ." ಅವನು: "ಕಾಫಿ?" ನಾನು ಏನೂ ಬರೆಯಲಿಲ್ಲ. ಆದರೂ ತಂದಿಟ್ಟ. ಆರಿಹೋಗಿತ್ತು. ಚೆಲ್ಲುವುದೇಕೆ ಎಂದು ಕುಡಿದೆ.

ಜೂನ್ 17, ಶನಿವಾರ

ಇವತ್ತು ಅವನು ಒಂದು ಕಬ್ಬಿಣದ ತಗಡು ತಂದು ನನ್ನ ಮುಂದಿಟ್ಟ. ತಗಡಿನ ತುಂಬ ಸಂಖ್ಯೆ, ಸಾಲು ಸಾಲಾಗಿ. ಮೇಲಿನ ಸಾಲುಗಳು ಡೊಂಕು, ಕೆಳಗೆ ಬರುತ್ತಾ ಬರುತ್ತಾ... ಅಕ್ಕಾ, ಏನು ಹೇಳಲಿ. ಕೊನೆಯ ಸಾಲು ಕಾರ್ಖಾನೆಯದೇ. ಇಂಜಿನ್ನು ಬಿಚ್ಚುವ ಮೊದಲು ತೆಗೆದ ಫೋಟೋ ನೋಡಿಕೊಂಡು ಹೊಡೆದಿದ್ದಾನೆ. ಲೂಸಿಲಳ ಸಂಖ್ಯೆಯಲ್ಲಿ ಏಳು ಎಂಬ ಅಂಕಿ ಕುಡಿದವನ ಹಾಗೆ ಬಲಕ್ಕೆ ವಾಲಿತ್ತು. ಆ ವಾಲಿಕೆಯನ್ನೂ ಬಿಟ್ಟಿಲ್ಲ.

ಚೀಟಿ ಬಿಟ್ಟು ಬಾಯಿಂದಲೇ ಕೇಳಬೇಕಾಯಿತು. "ಏನಿದು?"

"ಖಾಲಿ ಜಾಗಕ್ಕೆ ಇದನ್ನ ಹೊಡೆದ್ರೆ ದೇವರಿಗೂ ಗೊತ್ತಾಗಲ್ಲ."

"ಖೋಟಾ."

"ಇಂಜಿನ್ನು ಅದೇ, ಕಾರೂ ಅದೇ. ಇಲ್ಲದ್ದನ್ನ ಹೊಡೀತಿಲ್ಲ ಅಣ್ಣ, ಇದ್ದದ್ದನ್ನ ವಾಪಸ್ ಇಡ್ತಿದೀನಿ."

"ಊರಲ್ಲಿ ಇದೇ ದಂಧೆ ಮಾಡೋರೆಲ್ಲ ಇದೇ ಮಾತು ಹೇಳ್ತಾರೆ. ಬೇರೆ ಬ್ಲಾಕಿಗೆ ಸಂಖ್ಯೆ ಹೊಡೆದು ಮಾರೋ ಕಳ್ಳರು. ನಮ್ ಬೋರ್ಡಿನ ಕೆಳಗೆ ಆ ಕೆಲಸ ನಡೆದ್ರೆ ನಾನು ಬೋರ್ಡನ್ನೇ ಕಿತ್ತು ಒಲೆಗೆ ಹಾಕ್ತೀನಿ."

"ಹಂಗಾದ್ರೆ ಲೂಸಿಲ್‌ಗೆ ಹೇಳು ಹೋಗು. ಇವತ್ತೇ ಹೇಳು."

ನಾನು ಹೇಳಬೇಕಂತೆ! ಅಳಿಸಿದವನು ಅವನು, ನಾಲಿಗೆ ನನ್ನದು ಬೇಕು. ತಗಡನ್ನು ಗುಜರಿ ಡಬ್ಬಕ್ಕೆ ಎಸೆದೆ. ಅವನು ಎತ್ತಿಕೊಂಡು ಕಿಟಕಿಯ ಮೇಲಿಟ್ಟ. ಹಾಳಾಗಲಿ ಎಂದು ಬಿಟ್ಟೆ. ಕೈ ಒಳ್ಳೆಯದು ಆ ನಾಯಿಯದು, ಅದು ಬೇರೆ ಮಾತು.

ಜೂನ್ 28, ಬುಧವಾರ

ಆಕೆ ಬಂದಿದ್ದಳು. ತಟ್ಟೆಯ ತುಂಬ ಪಿರೋಗಿ, ಆಲೂಗಡ್ಡೆ ತುಂಬಿ ಬೆಣ್ಣೆಯಲ್ಲಿ ಕರಿದದ್ದು. ಅರವತ್ತಾರು ವರ್ಷ, ಅಂಗಡಿಯೊಳಗೆ ಬರುವುದು ಮಾತ್ರ ಪೊಲೀಸಿನವರ ಹಾಗೆ.

"ಎಲ್ಲಿ ನನ್ ಇಂಜಿನ್ನು?"

"ಹಿಂದೆ ಇದೆ ಲೂಸಿಲ್ ಅವ್ರೇ. ಪೂರಾ ಎಣ್ಣೆ ಬಳಿದಿದೆ, ನಿಮ್ ಬಟ್ಟೆ ಕೆಡುತ್ತೆ."

"ಬಟ್ಟೆ ಹಾಳಾಗ್ಲಿ ಬಿಡಿ. ಅಪ್ಪನ ಏಳನ್ನ ಒಂದ್ಸಲ ಮುಟ್ಟಿ ಹೋಗ್ತೀನಿ."

ಆಗ ಗೊತ್ತಾಯಿತು. ಆಕೆಯ ಅಪ್ಪ ಕ್ಯಾಜಿಮಿರ್ ಫ್ಲಿಂಟ್ ಊರಿನ ಕಾರ್ಖಾನೆಯಲ್ಲಿ ಇದೇ ಸಂಖ್ಯೆ ಹೊಡೆಯುವ ಕೆಲಸದಲ್ಲಿದ್ದ. ಮಗಳು ಬರೆಸಿದ ಕಾರು ಸಾಲಿನಲ್ಲಿ ಬರುವ ದಿನ ಯಾವುದೆಂದು ಕೇಳಿಕೊಂಡು ರಜೆ ರದ್ದುಮಾಡಿ ಹೋಗಿದ್ದ. ತಾನೇ ಹೊಡೆಯಬೇಕು ಎಂದು. ಏಳಕ್ಕೆ ಬರುವ ಹೊತ್ತಿಗೆ ಕಣ್ಣು ಮಂಜಾಯಿತಂತೆ, ಉಳಿ ಜಾರಿತಂತೆ. ಜೊತೆಯವರು ಸಾಯುವ ತನಕ ಛೇಡಿಸಿದರಂತೆ. "ಪ್ರತಿ ವರ್ಷ ಅವ್ನು ಹುಟ್ಟಿದ ದಿನ ಬಾನೆಟ್ ಎತ್ತಿ ಹೆಬ್ಬೆರಳಲ್ಲಿ ಒರೆಸ್ತೀನಿ" ಅಂದಳು. "ಸಮಾಧಿ ಹತ್ರ ಹೋದ್ರೆ ಬರೀ ಹುಲ್ಲು. ಇಲ್ಲಿ ಆದ್ರೆ ಅವನ ಕೈ ಸಿಗುತ್ತೆ."

ಈ ಮಾತನ್ನು ಇವಳು ಮೊದಲೇ ಯಾಕೆ ಹೇಳಲಿಲ್ಲ? ಇಂಜಿನ್ನು ಬಿಡಲು ಬಂದಾಗ ಹೇಳಬಾರದಿತ್ತೇ? ಈಗ ಬಂದು, ಪಿರೋಗಿ ತಂದು, ಹೇಳುತ್ತಾಳೆ! ಇನ್ನೊಂದು ದಿನ ಬನ್ನಿ ಎಂದು ಬಾಗಿಲ ತನಕ ಬಿಟ್ಟು ಬಂದೆ. ಬಾಗಿಲನ್ನು ಧಡಾರನೆ ಹಾಕಿದೆ, ಸಿಟ್ಟಿಗೆ.

ಡೆಂಜಿಲ್ ಲೇತಿನ ಹಿಂದೆ ನಿಂತು ಎಲ್ಲ ಕೇಳಿದ್ದ. ನಾನೇ ಹೋಗಿ ಹೇಳಿದೆ: "ಹೊಡಿ."

"ಏನು?"

"ನಿನ್ ತಗಡಿನಲ್ಲಿರೋದನ್ನ. ಹೊಡಿ. ಅಪ್ಪನ ಕೈ ಬೇಕಂತೆ ಅವ್ಳಿಗೆ, ಕೊಡು."

ಅವನು ನನ್ನ ಮುಖವನ್ನೇ ನೋಡಿದ. "ಬೋರ್ಡು?"

"ಬೋರ್ಡಿನ ಚಿಂತೆ ನಿಂಗ್ಯಾಕೆ?"

"ಮೊದ್ಲು ಇಂಜಿನ್ನು ಕೂಡಿಸೋಣ. ಓಡ್ಲಿ. ಆಮೇಲೆ ಹೊಡೀತೀನಿ" ಅಂದ. ಹದಿನೇಳನೇ ತಾರೀಕು ಅಷ್ಟು ಆತುರ, ಈಗ ಕುಂಟುನೆಪ. ಇವನಿಗೆ ಏನು ಹೇಳಿದರೂ ಎದುರು ಹೇಳಬೇಕು, ಅಷ್ಟೇ.

ಜುಲೈ 4

ಸ್ವಾತಂತ್ರ್ಯದ ದಿನ. ಬೆಳಿಗ್ಗೆಯಿಂದ ಬೀದಿಯ ತುಂಬ ಪಟಾಕಿ. ಬಾಗಿಲು ಹಾಕಿ ಕೂತೆ. ಮಧ್ಯಾಹ್ನ ಯಾರೋ ಬಾಗಿಲು ಬಡಿದರು, ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಒಂದು ತಟ್ಟೆ, ಕೆಂಡದಲ್ಲಿ ಸುಟ್ಟ ಹಂದಿ ಪಕ್ಕೆ, ಮೆಕ್ಕೆಜೋಳದ ಬ್ರೆಡ್ಡು, ನೀನು ಕಳಿಸಿದ ಕಾಕಂಬಿಯದೇ ಸಾರು. ರಸ್ತೆಯ ತುದಿಯಲ್ಲಿ ಅವನ ಟ್ರಕ್ಕು ತಿರುಗುತ್ತಿತ್ತು. ಲಂಚ. ತಿನ್ನಬಾರದೆಂದು ಒಳಗಿಟ್ಟೆ. ಆಮೇಲೆ ತಿಂದೆ. ಬ್ರೆಡ್ಡು ಸ್ವಲ್ಪ ಸೀದಿತ್ತು, ಅದನ್ನು ಅವನಿಗೆ ಹೇಳಬೇಕು.

ಜುಲೈ 13, ಗುರುವಾರ

ಇಂಜಿನ್ನು ಓಡಿತು.

ಪರೀಕ್ಷೆಯ ಚೌಕಟ್ಟಿಗೆ ಕಟ್ಟಿ, ನೀರಿನ ಕೊಳವೆ ಜೋಡಿಸಿ, ಪೆಟ್ರೋಲು ಬಿಟ್ಟು, ಬೆಳಿಗ್ಗೆ ಹತ್ತಕ್ಕೆ. ಮೊದಲು ಒಂದು ಸೀನು, ಇನ್ನೊಂದು ಸೀನು, ಆಮೇಲೆ ಎಂಟೂ ಪಿಸ್ಟನ್ ಒಟ್ಟಿಗೆ ಎದ್ದವು. ಕಿಟಕಿಯ ಗಾಜು ಅದುರಿತು, ಮ್ಯಾಕ್ಸೀನಳ ಸ್ಟೂಲು ತಾನಾಗಿ ಅರ್ಧ ಗೇಣು ಸರಿಯಿತು. ಈ ಇಂಜಿನ್ನುಗಳು ಸುಮ್ಮನಿರುವಾಗ ಒಂದೇ ಸಮನೆ ಗುನುಗುವುದಿಲ್ಲ, ಅಕ್ಕಾ. ಕುಂಟುತ್ತವೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಹಾಗೆ ಮಾಡಿರುತ್ತಾರೆ, ಹಾಗಾಗಿ ನಿಂತಲ್ಲಿ ತಡವರಿಸುತ್ತವೆ, ಓಡುವಾಗ ಹುಚ್ಚೆದ್ದು ಓಡುತ್ತವೆ. ಕಟ್ಟಿಹಾಕಿದ ಹೋರಿ ಕಾಲು ಕೆರೆಯುವ ಸದ್ದು ಅದು. ತಿಳಿಯದವರು ಕೆಟ್ಟಿದೆ ಅನ್ನುತ್ತಾರೆ.

ಅವನು ಕಾರ್ಬ್ಯುರೇಟರ್ ಬಳಿ, ನಾನು ಅಳತೆಯ ಮುಳ್ಳುಗಳ ಬಳಿ. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಬೆರಳಿನಲ್ಲೇ ಎಲ್ಲ. ನಾನು ಒಂದು ಬೆರಳು ಎತ್ತಿದರೆ ತಿರುಪು ಕಾಲು ಸುತ್ತು, ಮುಷ್ಟಿ ಕಟ್ಟಿದರೆ ನಿಲ್ಲು. ಅರ್ಧ ಗಂಟೆಯಲ್ಲಿ ಒಂದು ಸಲವೂ ಅವನು ತಪ್ಪಾಗಿ ತಿಳಿಯಲಿಲ್ಲ. ಕೊನೆಗೆ ಅವನು ಹುಬ್ಬೆತ್ತಿದ, ನಾನು ತಲೆ ಆಡಿಸಿದೆ, ಬಿಟ್ಟ ನೋಡು ಪೂರ್ತಿ. ಎದೆಗೂಡಿನೊಳಗೆ ಯಾರೋ ಕೈಹಾಕಿ ಅಲ್ಲಾಡಿಸಿದ ಹಾಗಾಯಿತು. ಇಬ್ಬರೂ ನಗುತ್ತಿದ್ದೆವು. ನಕ್ಕದ್ದು ಇಂಜಿನ್ನಿಗೆ, ಅವನಿಗಲ್ಲ. ಬೆರಳಿನ ಮಾತು ಮಾತಲ್ಲ.

ನಿಲ್ಲಿಸಿದ ಮೇಲೆ ಹೇಳಿದೆ: "ಈಗ ಹೊಡಿ."

"ಬಿಸಿ ಇದೆ."

ಆರಿದ ಮೇಲೆ ಇಂಜಿನ್ನಿಗೆ ಬಳಿದ ಬಣ್ಣ ಹಸಿ ಅಂದ. ನಾಳೆ ಅಂದ. ಆಕೆ ಮುಂದಿನ ವಾರ ಬರುತ್ತಾಳೆ, ಇವನು ನಾಳೆ ಅನ್ನುತ್ತಾನೆ.

ಜುಲೈ 19, ಬುಧವಾರ

ಹೊಸ ಕೆಲಸ ಬಂತು. ಒಬ್ಬರ 1969ರ ಬ್ಲಾಕು, ಸಂಖ್ಯೆ ಉಳಿಸಬೇಕಾದದ್ದು. ತೊಳೆದು ಬೆಂಚಿನ ಮೇಲಿಟ್ಟೆ. ಈ ಸಲ ಅವನ ಕಣ್ಣೆದುರಿಗೇ ಬಳೆ ಹಾಕಿ, ನೋಡಪ್ಪಾ ಕುರುಡ, ಇದಕ್ಕೆ ಬಳೆ ಅನ್ನುತ್ತಾರೆ ಎಂದು ಹೇಳಬೇಕೆಂದು ಕೌಂಟರಿನ ಡ್ರಾಯರಿನಿಂದ ಉಗುರುಬಣ್ಣದ ಬಾಟಲಿ ತೆಗೆದೆ.

ಮುಚ್ಚಳ ತಿರುಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದೆ. ಇಕ್ಕಳ ಹಾಕಿದೆ. ಕುತ್ತಿಗೆ ಮುರಿದು ಕೈಗೆ ಬಂತು. ಒಳಗೆ ಬಣ್ಣ ಕಲ್ಲಾಗಿತ್ತು, ಕುಂಚ ಅದರೊಳಗೇ ನೆಟ್ಟುಕೊಂಡಿತ್ತು.

ಒಂದು ತಿಂಗಳಿನಲ್ಲಿ ಹೀಗಾಗುವುದಿಲ್ಲ. ಎರಡು ತಿಂಗಳಿನಲ್ಲೂ ಆಗುವುದಿಲ್ಲ.

ಮ್ಯಾಕ್ಸೀನ್ ಸತ್ತದ್ದು ಹೋದ ವರ್ಷ ಮಾರ್ಚಿನಲ್ಲಿ. ಆಮೇಲೆ ಬಂದ ಬ್ಲಾಕುಗಳೆಲ್ಲ ರೇಸಿನವು, ಸಂಖ್ಯೆಯ ಗೊಡವೆ ಇಲ್ಲದವು. ಲೂಸಿಲಳದು ಮೊದಲನೆಯದು.

ನಾನು ಬ್ಲಾಕು ತೊಳೆದು ಬೆಂಚಿನ ಮೇಲಿಟ್ಟು ಕೂಗುತ್ತಿದ್ದೆ: "ಏ, ಬಂತು!" ಮ್ಯಾಕ್ಸೀನ್ ಸ್ಟೂಲಿನಿಂದ ಇಳಿದು, ಚಪ್ಪಲಿ ಎಳೆಯುತ್ತಾ ಬಂದು, ಬಗ್ಗಿ ಊದಿ, ಬಳೆ ಬರೆದು, ಉಳಿದ ಬಣ್ಣವನ್ನು ತನ್ನ ಕಿರುಬೆರಳಿನ ಉಗುರಿಗೆ ಒರೆಸಿಕೊಂಡು ಹೋಗುತ್ತಿದ್ದಳು. ಆ ಒಂದು ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ನಾನು ಒಂದು ದಿನವೂ ಆ ಕುಂಚ ಹಿಡಿದಿಲ್ಲ.

ಮೇ ತಿಂಗಳಲ್ಲಿ ಬ್ಲಾಕು ತೊಳೆದು ಬೆಂಚಿನ ಮೇಲಿಟ್ಟದ್ದು ನೆನಪಿದೆ. ಕೂಗಿದೆನೇ? ಕೂಗಿರಬೇಕು. ಕೂಗಿ, ಆಯಿತು ಎಂದು ಹೋಗಿರಬೇಕು.

ಬಾಟಲಿಯನ್ನು ಗೋಡೆಗೆ ಬೀಸಿದೆ. ಒಡೆಯಲೂ ಇಲ್ಲ ದರಿದ್ರದ್ದು.

ಜುಲೈ 20, ಗುರುವಾರ

ಬೆಳಿಗ್ಗೆ ಬಾಟಲಿಯನ್ನು ಅವನ ಲೇತಿನ ಮೇಲೆ ಇಟ್ಟೆ. ಅವನು ಅದನ್ನೂ ನನ್ನನ್ನೂ ನೋಡಿ ಯಂತ್ರ ನಿಲ್ಲಿಸಿದ.

"ನಿಂಗೆ ಗೊತ್ತಿತ್ತು."

"ಹೂಂ."

"ಯಾವತ್ತಿಂದ?"

"ಆವತ್ತೇ. ನೀನು ಬೈದು ಹೋದ್ಮೇಲೆ ಡ್ರಾಯರ್ ತೆಗೆದು ನೋಡ್ದೆ."

"ಮತ್ತೆ ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ? ಒಂದೂವರೆ ತಿಂಗಳು ನಿನ್ನ ನಾಯಿ ಬೈದಂಗೆ ಬೈದಿದೀನಿ! ಬಾಟಲಿ ತಂದು ನನ್ ಮುಖಕ್ಕೆ ಎಸೀಬಾರ್ದಾಗಿತ್ತಾ? ಕೂಗಾಡಬಾರ್ದಾಗಿತ್ತಾ?"

"ಕೂಗಾಡಬೋದಿತ್ತು."

"ಮತ್ತೆ?"

"ಅತ್ತಿಗೆ ಇಲ್ಲ ಅಂತ ನಿಂಗೆ ನಾನು ಹೇಳ್ಬೇಕಾಗಿತ್ತಲ್ಲಣ್ಣ" ಅಂದ. "ಅದು ನನ್ ಕೈಲಾಗ್ಲಿಲ್ಲ."

ಇವನನ್ನು ಯಾರು ಕೇಳಿದರು ಇಷ್ಟು ದೊಡ್ಡವನಾಗು ಎಂದು? ಯಾರಾದರೂ ಕೇಳಿದರೇ? ಅರವತ್ತೇಳು ವರ್ಷ ಚಿಕ್ಕವನಾಗಿದ್ದು ಈಗ ಒಮ್ಮೆಲೇ ನನಗಿಂತ ದೊಡ್ಡವನಾಗಿ ಕೂತಿದ್ದಾನೆ. ಅಂಗಡಿಯ ಹಿಂದಿನ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ತೆರೆದು ಬಹಳ ಹೊತ್ತು ನಿಂತೆ. ಧೂಳು, ಕಣ್ಣಿಗೆ.

ಹೊರಗೆ ಬಂದು ಹೇಳಿದೆ: "ಸಂಖ್ಯೆ ಹೊಡೀಬೇಡ."

"ನಾನು ಹೊಡೀತಿದ್ನಾ?" ಅಂದ. "ಬಣ್ಣ ಹಸಿ ಅಂತ ಒಂದು ವಾರದಿಂದ ಹೇಳ್ತಿದೀನಿ. ಒಂದು ಗಂಟೇಲಿ ಒಣಗುತ್ತೆ ಅದು."

ಜುಲೈ 22, ಶನಿವಾರ

ಆಕೆ ಬಂದಳು. ಕೂರಿ ಎಂದೆ. "ಕೂರೋಕೆ ಬಂದಿಲ್ಲ, ಸದ್ದು ಕೇಳ್ಸಿ" ಅಂದಳು.

"ಮೊದ್ಲು ಇದು ನೋಡಿ."

ದೀಪ ಹಿಡಿದೆ. ಆಕೆ ಕನ್ನಡಕ ಏರಿಸಿ ಬಗ್ಗಿ, ಅಭ್ಯಾಸದ ಮೇಲೆ ಹೆಬ್ಬೆರಳು ಇಟ್ಟಳು. ಬೆರಳು ಜಾರಿತು. ಇನ್ನೊಮ್ಮೆ ಇಟ್ಟಳು.

"ಒರೆಸಿ. ಗ್ರೀಸಿದೆ."

"ಗ್ರೀಸಲ್ಲ ಲೂಸಿಲ್ ಅವ್ರೇ. ಹೆರೆದುಹೋಗಿದೆ."

"ಯಾರು?"

"ನಾನು" ಎಂದೆ. ಅದೇ ಹೊತ್ತಿಗೆ ಹಿಂದಿನಿಂದ ಅವನೂ "ನಾನು" ಅಂದ.

"ಒಬ್ರು ಮಾತಾಡಿ!"

"ಚಕ್ರ ಓಡ್ಸಿದ್ದು ಇವ್ನು. ಓಡ್ಸಬೇಡ ಅಂತ ಗುರುತು ಹಾಕ್ಬೇಕಾಗಿದ್ದೋನು ನಾನು, ಹಾಕ್ಲಿಲ್ಲ. ನೀವು ಪಿರೋಗಿ ತಂದ ದಿನಕ್ಕೆ ಮೊದ್ಲೇ ಹೋಗಿತ್ತು. ನಿಮ್ಗೆ ಸುಳ್ಳು ಹೇಳ್ದೆ."

ಆಕೆ ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ ಕೇಳಿದ್ದು ಇದು: "ಆ ಪುಡಿ ಎಲ್ಲಿ?"

"ಯಾವ ಪುಡಿ?"

"ಹೆರೆದ್ರಲ್ಲ. ಕಬ್ಬಿಣದ ಪುಡಿ. ಎಲ್ಲಿದೆ?"

ಡೆಂಜಿಲ್ ನೆಲ ನೋಡುತ್ತಾ ಹೇಳಿದ: "ಗುಜರಿಗೆ ಹೋಯ್ತು. ಜೂನ್ ಮೊದಲ್ನೇ ವಾರ."

"ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದ ಕೈ. ಅವನ ಕೈಯಿಂದ ನನಗೆ ಅಂತ ಉಳಿದಿದ್ದು ಅದೊಂದು ಸಾಲು. ಪೊರಕೇಲಿ ಗುಡಿಸಿಬಿಟ್ರಾ?"

ಗುಡಿಸಿದ್ದೆವು. ಆಕೆ ತಿರುಗುವಾಗ ಕಿಟಕಿಯ ಮೇಲಿನ ತಗಡು ಕಣ್ಣಿಗೆ ಬಿತ್ತು. ಎತ್ತಿಕೊಂಡಳು. ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದಳು, ಏಳರ ಮೇಲೆ ನಿಲ್ಲಿಸಿದಳು. ಮುಖ ಒಂದು ಕ್ಷಣ ಸಡಿಲವಾಯಿತು, ಆಮೇಲೆ ಇನ್ನೂ ಬಿಗಿಯಾಯಿತು.

"ಇದನ್ನ ಹೊಡೆಯೋರಿದ್ರಿ."

"ಹೂಂ."

"ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಸಾಯೋ ತನಕ ಇವ್ನ ಕೈಯನ್ನ ಅಪ್ಪನ ಕೈ ಅಂತ ಸವರ್ತಿದ್ದೆ." ತಗಡನ್ನು ಡಬ್ಬಕ್ಕೆ ಎಸೆದಳು. ಅದು ಬಿದ್ದ ಸದ್ದಿಗೆ ನಾವಿಬ್ಬರೂ ಬೆಚ್ಚಿದೆವು. "ಖಾಲಿ ಇರ್ಲಿ ಆ ಜಾಗ. ವುಡ್‌ವರ್ಡ್ ದಿನ ಬೆಳಿಗ್ಗೆ ಎಂಟಕ್ಕೆ ಬರ್ಬೇಕು ನೀವು, ಆರ್ಲಿ ಕಾರ್ನೆಟ್. ಬಾನೆಟ್ ಎತ್ತಿಟ್ಟಿರ್ತೀನಿ. ಬಂದೋರು ಮೊದ್ಲು ಆ ಮೂಲೆ ನೋಡ್ತಾರೆ. ಯಾಕೆ ಖಾಲಿ ಅಂತ ನಾನು ಹೇಳಲ್ಲ. ನೀವು ಹೇಳ್ಬೇಕು. ಹೆಸ್ರು, ಅಂಗಡಿ ಸಮೇತ."

ಸದ್ದು ಕೇಳದೆಯೇ ಹೋದಳು.

ಅಂಗಡಿ ಮುಚ್ಚಿದ ಹಾಗೇ, ಅಕ್ಕಾ. ವುಡ್‌ವರ್ಡಿನಲ್ಲಿ ಒಬ್ಬನಿಗೆ ಹೇಳಿದರೆ ಸಂಜೆಯೊಳಗೆ ಮಿಚಿಗನ್ನಿಗೆಲ್ಲ ಗೊತ್ತು. ಸಂಖ್ಯೆ ಅಳಿಸುವವರ ಕೈಗೆ ಯಾರು ಬ್ಲಾಕು ಕೊಡುತ್ತಾರೆ? ಹೋಗುವುದಿಲ್ಲ ಎಂದು ಡೆಂಜಿಲನಿಗೆ ಹೇಳಿದೆ. "ಸರಿ, ಹೋಗ್ಬೇಡ" ಅಂದ. ಹೋಗೇ ಹೋಗುತ್ತೇನೆ ಎಂದೆ.

ಆಗಸ್ಟ್ 20, ಭಾನುವಾರ

ಓಪಲಕ್ಕಾ, ನಿನ್ನೆ ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಆ ಕಾರಿನ ಪಕ್ಕ ನಿಂತಿದ್ದೆ. ರಸ್ತೆಯ ಎರಡೂ ಕಡೆ ಜನ, ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದುಕೊಂಡು. ಮಧ್ಯೆ ಕಾರುಗಳು ಗುಡುಗುತ್ತಾ ಆಮೆಯ ಹಾಗೆ ಹೋಗುತ್ತವೆ. ಆಕೆ ಹೇಳಿದ್ದು ನಿಜ. ಹಳಬರೆಲ್ಲ ಬಂದವರೇ ಬಣ್ಣ ನೋಡಲಿಲ್ಲ, ಗಾಲಿ ನೋಡಲಿಲ್ಲ, ನೇರ ಆ ಮೂಲೆಗೆ ಬಗ್ಗಿದರು.

"ಸಂಖ್ಯೆ ಎಲ್ಲಿ ಹೋಯ್ತು?"

"ನಾನು ಅಳಿಸ್ದೆ. ಆರ್ಲಿ ಕಾರ್ನೆಟ್. ಹೇಜಲ್ ಪಾರ್ಕಿನ ಕಾರ್ನೆಟ್ ಬ್ರದರ್ಸ್."

ಮೊದಲ ಹತ್ತು ಸಲ ಹಲ್ಲು ಕಚ್ಚಿಕೊಂಡೇ ಹೇಳಿದೆ. ಒಬ್ಬ ನಕ್ಕ, ಅವನ ಕಾಲರಿಗೆ ಕೈಹಾಕುವವನಿದ್ದೆ. ಇನ್ನೊಬ್ಬ ತಲೆ ಅಲ್ಲಾಡಿಸಿ, ತನ್ನ ಬ್ಲಾಕು ಸೋಮವಾರ ನಮ್ಮಲ್ಲಿಗೆ ಬರಬೇಕಿತ್ತು, ಇನ್ನು ಬರುವುದಿಲ್ಲ ಎಂದು ಮುಖಕ್ಕೇ ಹೇಳಿ ಹೋದ. ಹಾಗೆ ಮೂವರು ಹೇಳಿದರು. ಮಧ್ಯಾಹ್ನ ಬಂದ ಒಬ್ಬ ಮುದುಕ "ಬಳೆ ಹಾಕೋ ಪದ್ಧತಿ ಇಲ್ವಾ ನಿಮ್ಮಲ್ಲಿ?" ಎಂದ. ಇದೆ ಎಂದೆ, ಹಾಕುತ್ತಿದ್ದವಳು ನನ್ನ ಹೆಂಡತಿ ಎಂದೆ. ಎಲ್ಲಿದ್ದಾಳೆ ಎಂದ. ಹೇಳಿದೆ. ಆ ಕಿರುಬೆರಳಿನ ಉಗುರಿನ ವಿಷಯವನ್ನೂ ಹೇಳಿದೆ ಕಾಣುತ್ತದೆ. ಆಮೇಲೆ ಬಂದವರಿಗೂ ಅದನ್ನೇ ಹೇಳಿರಬೇಕು, ಯಾಕೆಂದರೆ ಲೂಸಿಲ್ ಒಮ್ಮೆ ಕುರ್ಚಿಯಿಂದ ತಿರುಗಿ, "ಅವ್ರ ಹೆಸ್ರೇನು?" ಎಂದು ಕೇಳಿದಳು. "ಮ್ಯಾಕ್ಸೀನ್" ಎಂದೆ. ಆಕೆ ಮತ್ತೆ ರಸ್ತೆಯ ಕಡೆ ತಿರುಗಿದಳು.

ಡೆಂಜಿಲ್ ಹನ್ನೆರಡಕ್ಕೆ ಬ್ರೆಡ್ಡಿನೊಳಗೆ ಸಾಸೇಜ್ ಇಟ್ಟು ತಂದ, ಮೇಲೆ ರಾಶಿ ಈರುಳ್ಳಿ. ನನಗೆ ಈರುಳ್ಳಿ ಆಗುವುದಿಲ್ಲ ಎಂದು ಅರವತ್ತು ವರ್ಷದಿಂದ ಗೊತ್ತು ಅವನಿಗೆ. ಬೈದೆ. ತಾನು ಹೋಗುವುದಿಲ್ಲ ಎಂದು ಪಕ್ಕದಲ್ಲೇ ನಿಂತ. ನಾನು "ಕಾರ್ನೆಟ್ ಬ್ರದರ್ಸ್" ಅಂದಾಗಲೆಲ್ಲ ಕೈ ಎತ್ತಿ, "ಇನ್ನೊಬ್ಬ ನಾನೇ" ಅನ್ನುತ್ತಿದ್ದ. ಮದುವೆಮನೆಯಲ್ಲಿ ಗಂಡಿನ ಕಡೆಯವನು ಎಂದು ಹೇಳಿಕೊಳ್ಳುವವನ ಹಾಗೆ!

ಐದಕ್ಕೆ ಆಕೆ ಬಾನೆಟ್ ಮುಚ್ಚಿದಳು. ಮುಚ್ಚುವ ಮೊದಲು ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಇಟ್ಟು ತೆಗೆದಳು. ಇಂಜಿನ್ನು ಚಾಲೂ ಮಾಡಿದಳು. ನಿಂತಲ್ಲೇ ಕುಂಟಿತು, ಕಾಲು ಕೆರೆಯಿತು. ಕಿಟಕಿಯಿಂದ ತಲೆ ಹಾಕಿ, "ಮುಂದಿನ ವರ್ಷಾನೂ ಎಂಟಕ್ಕೇ" ಅಂದಳು. ಕ್ಷಮಿಸಿದ ಮುಖವಲ್ಲ ಅದು. ಹೋದಳು.

ಈಗ ನಿನ್ನ ಮೇಲಿನ ಸಿಟ್ಟಿಗೆ ಬರುತ್ತೇನೆ. ಆ 1969ರ ಬ್ಲಾಕು ಒಂದು ತಿಂಗಳಿನಿಂದ ಬೆಂಚಿನ ಮೇಲೇ ಕೂತಿದೆ. ಎಲ್ಲ ಕೇಳಿಯೂ ಅದರ ಯಜಮಾನ ವಾಪಸ್ ಒಯ್ಯಲಿಲ್ಲ, ಅಷ್ಟು ಪುಣ್ಯ. ಡೆಂಜಿಲ್ ಪೇಟೆಗೆ ಹೋಗಿ ಉಗುರುಬಣ್ಣ ತಂದ. ಗುಲಾಬಿ! ಕೆಂಪು ಅಂತ ಸಾಧಿಸುತ್ತಾನೆ. ಬೇರೆ ತಂದ, ಅದು ಇಟ್ಟಿಗೆಯ ಬಣ್ಣ. ಇದೇ ವಿಷಯಕ್ಕೆ ಎರಡು ದಿನ ಜಗಳವಾಡಿದ್ದೇವೆ, ಬಾಯಿಂದಲೇ. ಮ್ಯಾಕ್ಸೀನಳದು ಬೆಂಕಿ ಆರಿಸುವ ವಾಹನದ ಕೆಂಪು. ಅದು ಬರುತ್ತಿದ್ದುದು ನಿನ್ನಿಂದ, ಪ್ರತಿ ಈಸ್ಟರಿಗೆ, ಕಾಕಂಬಿ ಡಬ್ಬದ ಜೊತೆ, ನಿಮ್ಮೂರಿನ ಔಷಧಿ ಅಂಗಡಿಯಿಂದ. ಅವಳು ಸತ್ತಳೆಂದು ಬಣ್ಣ ಕಳಿಸುವುದನ್ನೇ ನಿಲ್ಲಿಸಿಬಿಟ್ಟೆಯಲ್ಲ? ಅದು ಯಾವ ನ್ಯಾಯ? ಅವಳು ಹೋದರೆ ಬಳೆಯೂ ಹೋಗಬೇಕೇ? ಕುಂಚ ಹಿಡಿಯುವುದನ್ನು ಕಲಿಯುತ್ತಿದ್ದೇನೆ. ಗುಲಾಬಿ ಬಣ್ಣದಲ್ಲಿ ತಗಡಿನ ಮೇಲೆ ಐವತ್ತು ಬಳೆ ಬರೆದೆ. ಎಲ್ಲ ಮೊಟ್ಟೆಯ ಹಾಗೆ ಬಂದಿವೆ. ಡೆಂಜಿಲ್ ನಗುತ್ತಾನೆ, ನಗಲಿ.

ಈ ಪುಟಗಳನ್ನು ಹರಿದು ಲಕೋಟೆಗೆ ಹಾಕುತ್ತಿದ್ದೇನೆ, ಇಷ್ಟನ್ನೂ ಮತ್ತೆ ಬರೆಯುವ ತಾಳ್ಮೆ ನನಗಿಲ್ಲ. ಭಾವನಿಗೆ ಓದಿ ಹೇಳುವುದಾದರೆ ಹೇಳು. ಮೊದಲ ಪುಟದಲ್ಲಿ ಲಕೋಟೆಯ ಮೇಲೆ ಹೆಸರು ಹಾಕುವ ವಿಚಾರ ಏನೋ ಬರೆದಿದ್ದೇನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಇಬ್ಬರ ಹೆಸರೂ ಹಾಕು, ಹೇಗಿದ್ದರೂ ಮೊದಲು ಒಡೆದು ಓದುವವನು ಅವನೇ. ಒಂದು ಬಾಟಲಿ ಕಳಿಸು, ಅದೇ ಕೆಂಪು. ಜೊತೆಗೆ ನಾಲ್ಕು ಸಾಲು ಬರಿ. ಬೆಂಚಿನ ಮೇಲೆ ಬ್ಲಾಕು ಕಾಯುತ್ತಿದೆ ಅಕ್ಕಾ, ಬೇಗ ಬರಿ.